ಪುಟ್ಟ ಫ್ರಿಜ್‌ಗೂ ಉಸಿರಾಡಲು ಜಾಗ ಬೇಕು

ಬೇಸಿಗೆ ಬಂತೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹರವಿಗೂ, ಹಳೇ ಮೈಸೂರಿನ ಕಡೆ ಮಣ್ಣಿನ ಹೂಜಿಗೂ ಒಂದು ಗೊತ್ತಾದ ಜಾಗವಿರುತ್ತಿತ್ತು. ಅದು ಕತ್ತಲ ಮೂಲೆಯಲ್ಲ, ಕಪಾಟಿನ ಒಳಗೂ ಅಲ್ಲ. ಗಾಳಿಯಾಡುವ ಕಿಟಕಿಯ ಪಕ್ಕ, ಕೆಳಗೆ ಒಂದಿಷ್ಟು ಹಸಿ ಮರಳು. ಮುಚ್ಚಿದ ಕೋಣೆಯಲ್ಲಿಟ್ಟ ಹೂಜಿಯ ನೀರು ತಣ್ಣಗಾಗುವುದಿಲ್ಲ ಎಂಬುದನ್ನು ಮನೆಯ ಹಿರಿಯರು ಯಾವ ಪಠ್ಯಪುಸ್ತಕವನ್ನೂ ಓದದೆ ತಿಳಿದಿದ್ದರು. ಈಗ ಎಷ್ಟೋ ಮನೆಗಳಲ್ಲಿ ಹೂಜಿಯ ಜಾಗಕ್ಕೆ ಪುಟ್ಟ ಫ್ರಿಜ್ ಬಂದಿದೆ. ಆದರೆ ಅದನ್ನು ಎಲ್ಲಿಡಬೇಕೆಂಬ ವಿವೇಕ ಮಾತ್ರ ಹೂಜಿಯ ಜೊತೆಗೇ ಅಟ್ಟ ಸೇರಿದಂತಿದೆ!

ಮೊಣಕಾಲೆತ್ತರದ 45 ಲೀಟರಿನದು, ಸೊಂಟದೆತ್ತರದ 90 ಲೀಟರಿನದು, ಗಾಜಿನ ಬಾಗಿಲಿನೊಳಗೆ ಬಾಟಲಿಗಳ ಸಾಲು ಕಾಣುವಂಥದ್ದು, ಹೀಗೆ ಪುಟ್ಟ ಫ್ರಿಜ್‌ಗಳಲ್ಲಿ ನಾನಾ ಬಗೆ. ಪಿಯುಸಿ ಮುಗಿಸಿ ಪರಊರಿನ ಕಾಲೇಜು ಸೇರುವ ಮಗಳ ಬಾಡಿಗೆ ಕೋಣೆಗೆ, ರಾತ್ರಿಯೆಲ್ಲ ಓದುವ ಮಗನ ಮಹಡಿಗೆ, ನೆಂಟರು ಬಂದರೆ ತಂಪು ಪಾನೀಯ ಕೊಡಲೆಂದು ನಡುಮನೆಗೆ ಎಂದು ತಂದೆತಾಯಂದಿರು ಇದನ್ನು ಕೊಳ್ಳುತ್ತಾರೆ. ಗಾತ್ರ ಚಿಕ್ಕದಾದ್ದರಿಂದ ರೇಡಿಯೊ ತಂದಷ್ಟೇ ಹಗುರಾಗಿ ತರುತ್ತಾರೆ. ರಟ್ಟಿನ ಪೆಟ್ಟಿಗೆ ಬಿಚ್ಚಿ, ಖಾಲಿ ಕಂಡ ಮೂಲೆಗೆ ತಳ್ಳಿ, ಸಿಕ್ಕ ಸಾಕೆಟ್ಟಿಗೆ ಪ್ಲಗ್ಗು ಸಿಕ್ಕಿಸಿದರೆ ಕೆಲಸ ಮುಗಿಯಿತು ಎಂಬ ಭಾವನೆ.

ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಉರಿದು ಆರುತ್ತದೆ. ಮಿಕ್ಸಿ ಎರಡು ನಿಮಿಷ ಅರಚಿ ಸುಮ್ಮನಾಗುತ್ತದೆ. ಫ್ರಿಜ್ ಹಾಗಲ್ಲ. ಮನೆಯವರೆಲ್ಲ ನಿದ್ದೆ ಹೋದಾಗಲೂ, ಬೀಗ ಹಾಕಿ ಊರಿಗೆ ಹೋದಾಗಲೂ ಯಾರ ಕಾವಲೂ ಇಲ್ಲದೆ 230 ವೋಲ್ಟಿನ ವಿದ್ಯುತ್ತಿಗೆ ಅಂಟಿಕೊಂಡೇ ಇರುತ್ತದೆ. ಅದಕ್ಕಾಗಿಯೇ ಮೊದಲ ದಿನ ಅದನ್ನು ಸರಿಯಾಗಿ ಕೂರಿಸಲು ವ್ಯಯಿಸುವ ಒಂದು ಗಂಟೆ ಮುಂದಿನ ಹತ್ತು ವರ್ಷಗಳ ನೆಮ್ಮದಿಯ ಗಂಟೆ.

ತಂಪು ತಯಾರಾಗುವುದಿಲ್ಲ, ಶಾಖ ಸಾಗುತ್ತದೆ

ಫ್ರಿಜ್ ತಂಪನ್ನು ತಯಾರಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ನಿಜವಾಗಿ ಅದು ಮಾಡುವುದು ಹಮಾಲಿ ಕೆಲಸ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುವುದು, ಅಷ್ಟೆ.

ಹೂಜಿಯ ಸಣ್ಣ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಸೆಳೆದುಕೊಳ್ಳುತ್ತದೆ. ಹೈಸ್ಕೂಲಿನ ವಿಜ್ಞಾನದಲ್ಲಿ ಬರುವ 'ಗುಪ್ತೋಷ್ಣ'ದ ಪಾಠ ಇದೇ. ಫ್ರಿಜ್ಜಿನಲ್ಲೂ ಆಗುವುದು ಇದೇ. ವ್ಯತ್ಯಾಸವೆಂದರೆ, ಹೂಜಿಯಲ್ಲಿ ಆವಿ ಗಾಳಿಗೆ ಸೇರಿ ಮಾಯವಾಗುತ್ತದೆ. ಫ್ರಿಜ್ಜಿನಲ್ಲಿ ಮುಚ್ಚಿದ ಕೊಳವೆಯೊಳಗೇ ಸುತ್ತುತ್ತದೆ. ಒಳಗಿನ ಕೊಳವೆಯಲ್ಲಿ ಶೈತ್ಯಕ ದ್ರವ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡಿ ಹೊರಗಿನ ಕೊಳವೆಗೆ, ಅಂದರೆ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಶಾಖವನ್ನು ಕೋಣೆಯ ಗಾಳಿಗೆ ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ.

ಕೋಣೆಯ ಬಾಗಿಲು ಮುಚ್ಚಿ, ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆಯೇ? ಭೌತಶಾಸ್ತ್ರದ ಮೇಷ್ಟ್ರುಗಳ ಮೆಚ್ಚಿನ ಪ್ರಶ್ನೆಯಿದು. ಆಗುವುದಿಲ್ಲ, ಇನ್ನಷ್ಟು ಬಿಸಿಯಾಗುತ್ತದೆ! ಮುಂಭಾಗದಿಂದ ಹೀರಿದ ಶಾಖವೆಲ್ಲ ಹಿಂಭಾಗದಿಂದ ಹೊರಬೀಳುತ್ತದೆ. ಅದರ ಮೇಲೆ ಕಂಪ್ರೆಸರ್ ತಿಂದ ವಿದ್ಯುತ್ತಿನ ಶಾಖವೂ ಸೇರುತ್ತದೆ. ಈ ಉತ್ತರ ಅರ್ಥವಾದವರಿಗೆ ಫ್ರಿಜ್ ಕೂರಿಸುವ ಅರ್ಧ ವಿದ್ಯೆ ಬಂದಂತೆಯೇ. ಹೊರಬಿದ್ದ ಶಾಖಕ್ಕೆ ಹೋಗಲು ದಾರಿ ಬೇಕು.

ಗೋಡೆಗೂ ಪೆಟ್ಟಿಗೆಗೂ ನಡುವೆ

ಕೆಲವು ಫ್ರಿಜ್‌ಗಳ ಬೆನ್ನಿಗೆ ಕಪ್ಪು ಜಾಲರಿಯಂಥ ಕಂಡೆನ್ಸರ್ ಕಾಣುತ್ತದೆ. ಇನ್ನು ಕೆಲವದರಲ್ಲಿ ಅದು ಪಕ್ಕದ ತಗಡಿನ ಒಳಗೇ ಅಡಗಿರುತ್ತದೆ. ಅಂಥವುಗಳ ಪಕ್ಕ ಮುಟ್ಟಿದರೆ ಬೆಚ್ಚಗಿರುತ್ತದೆ. ಕೊಂಡವರು ಗಾಬರಿಯಿಂದ ಅಂಗಡಿಗೆ ಓಡುವುದುಂಟು. ಅದು ದೋಷವಲ್ಲ, ಫ್ರಿಜ್ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಎಷ್ಟು ಜಾಗ ಬಿಡಬೇಕು? ಕೈಪಿಡಿಯಲ್ಲಿ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಕೊಡದಿದ್ದರೆ ಬೆನ್ನಿಗೆ, ಎರಡು ಪಕ್ಕಕ್ಕೆ, ತಲೆಯ ಮೇಲೆ ಸುಮಾರು 10 ಸೆಂಟಿಮೀಟರ್ ಬಿಟ್ಟರೆ ಕ್ಷೇಮ. ಅಳತೆಪಟ್ಟಿ ಇಲ್ಲದಿದ್ದರೂ ಚಿಂತೆಯಿಲ್ಲ, ಹೆಬ್ಬೆರಳು ಸೇರಿಸಿ ಅಂಗೈ ಅಡ್ಡಲಾಗಿ ಹಿಡಿಸುವಷ್ಟು ಎಂದುಕೊಂಡರೆ ಸಾಕು. ಜಾಗ ಬಿಟ್ಟ ಮೇಲೆ ಅಲ್ಲಿಗೆ ಹಳೆಯ ಪತ್ರಿಕೆ, ಪ್ಲಾಸ್ಟಿಕ್ ಚೀಲ, ಪೊರಕೆ ತುರುಕಿದರೆ ಬಿಟ್ಟೂ ಬಿಡದಂತೆ. ಮೇಲೆ ದಪ್ಪ ಬಟ್ಟೆ ಹೊದಿಸುವುದು, ಪಕ್ಕಗಳಿಗೆ ಇಳಿಬೀಳುವ ಕಸೂತಿ ಹಾಸುವುದು ಚೆಂದಕ್ಕೆ ಸರಿ, ಫ್ರಿಜ್‌ಗೆ ಮಾತ್ರ ಬೇಸಿಗೆಯಲ್ಲಿ ಕಂಬಳಿ ಹೊದ್ದಂತೆ.

ಹೊಸ ಮನೆ ಕಟ್ಟುವವರಲ್ಲಿ ಗೋಡೆ ಕಪಾಟಿನೊಳಗೆ, ಮೆಟ್ಟಿಲ ಕೆಳಗಿನ ಗೂಡಿನೊಳಗೆ ಪಾನೀಯದ ಫ್ರಿಜ್ ಕೂರಿಸುವ ಆಸೆ ಹೆಚ್ಚು. ಇಲ್ಲೊಂದು ಭೇದವಿದೆ. ಕಪಾಟಿನೊಳಗೆ ಕೂರಿಸಲೆಂದೇ ತಯಾರಿಸಿದ ಫ್ರಿಜ್ ಮುಂಭಾಗದ ಕೆಳಗಿನ ಜಾಲರಿಯಿಂದ ಬಿಸಿಗಾಳಿ ಬಿಡುತ್ತದೆ. ಬಿಡಿಯಾಗಿ ನಿಲ್ಲುವ ಸಾಮಾನ್ಯ ಫ್ರಿಜ್ ಬೆನ್ನಿನಿಂದ, ಪಕ್ಕದಿಂದ ಬಿಡುತ್ತದೆ. ಎರಡನೆಯದನ್ನು ಕಪಾಟಿಗೆ ತುರುಕಿದರೆ ಅದು ತಾನು ಬಿಟ್ಟ ಬಿಸಿಯಲ್ಲೇ ತಾನು ಬೇಯುತ್ತದೆ. ಕಂಪ್ರೆಸರ್ ವಿರಾಮವಿಲ್ಲದೆ ಓಡುತ್ತದೆ, ಬಿಲ್ಲು ಏರುತ್ತದೆ, ಆಯುಸ್ಸು ಇಳಿಯುತ್ತದೆ. ಬಿಸಿ ಹೆಚ್ಚಿದಷ್ಟೂ ತಂತಿಯ ಹೊದಿಕೆಗೂ ಅಪಾಯ.

ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಎದುರು, ಬಚ್ಚಲ ಬಾಗಿಲ ಬಳಿ ಇಡಬಾರದು. ಫ್ರಿಜ್ಜಿನ ಹಿಂಬದಿಯ ಚೀಟಿಯಲ್ಲಿ ಹವಾಮಾನ ವರ್ಗ ಎಂಬ ಸೂಚನೆಯೂ ಇರುತ್ತದೆ. 'ಎನ್' ಎಂದರೆ 32 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಗೆ, 'ಎಸ್‌ಟಿ' ಎಂದರೆ 38ರವರೆಗೆ, 'ಟಿ' ಎಂದರೆ 43ರವರೆಗೆ ತಕ್ಕದ್ದು. ಮಡಿಕೇರಿಗೆ ಒಪ್ಪುವ ಫ್ರಿಜ್ ಏಪ್ರಿಲ್ ತಿಂಗಳ ರಾಯಚೂರಿಗೆ ಒಪ್ಪಲಾರದು. ಬಣ್ಣ ನೋಡುವ ಮೊದಲು ಈ ಅಕ್ಷರ ನೋಡುವುದು ಲೇಸು.

ನೆಲ ಗಟ್ಟಿಯಾಗಿ, ಸಮವಾಗಿರಬೇಕು. ಚಿಕ್ಕದೆಂದು ಸ್ಟೂಲಿನ ಮೇಲೋ ಓದುವ ಮೇಜಿನ ಅಂಚಿಗೋ ಏರಿಸುವವರು ಒಂದು ಲೆಕ್ಕ ನೆನಪಿಡಬೇಕು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಇಪ್ಪತ್ತು ಬಾಟಲಿ ತುಂಬಿದರೆ ಫ್ರಿಜ್ಜಿನ ಸ್ವಂತ ತೂಕದ ಮೇಲೆ ಇನ್ನೂ ಇಪ್ಪತ್ತು ಕಿಲೋ! ಬಾಗಿಲು ಎಳೆದಾಗ ಆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹೊರಹೋಗಲು ಒಂದೇ ಬಾಗಿಲಿರುವ ಕೋಣೆಯಲ್ಲಿ ಆ ಬಾಗಿಲ ಪಕ್ಕದಲ್ಲೇ ಫ್ರಿಜ್ ಇಡುವುದೂ ತಪ್ಪು. ಹೊತ್ತಿಕೊಂಡರೆ ಓಡುವ ದಾರಿಯೇ ಮುಚ್ಚಿಹೋಗುತ್ತದೆ.

ಅಡುಗೆ ಅನಿಲದ ದಾಯಾದಿ

ಕೊಳವೆಯಲ್ಲಿ ಸುತ್ತುವ ಶೈತ್ಯಕದ ಕತೆ ಸ್ವಾರಸ್ಯಕರವಾದದ್ದು. 1920ರ ದಶಕದ ಮನೆ ಫ್ರಿಜ್‌ಗಳಲ್ಲಿ ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್, ಅಮೋನಿಯದಂಥ ವಿಷಾನಿಲಗಳಿದ್ದವು. ಅವು ಸೋರಿ ಜನ ಸತ್ತ ಪ್ರಕರಣಗಳು ಅಮೆರಿಕ, ಯುರೋಪುಗಳಲ್ಲಿ ನಡೆದವು. ಅಂಥದೊಂದು ಸುದ್ದಿ ಓದಿ ಕಳವಳಗೊಂಡ ಆಲ್ಬರ್ಟ್ ಐನ್‌ಸ್ಟೈನ್, ತಮ್ಮ ಕಿರಿಯ ಮಿತ್ರ ಲಿಯೋ ಝಿಲಾರ್ಡ್ ಜೊತೆಗೂಡಿ ಸೋರದಂಥ ಫ್ರಿಜ್ ರೂಪಿಸಲು ಹೊರಟರು. ಚಲಿಸುವ ಯಂತ್ರಭಾಗಗಳೇ ಇಲ್ಲದ ಅವರ ಒಂದು ವಿನ್ಯಾಸಕ್ಕೆ 1930ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಸಾಪೇಕ್ಷತಾ ಸಿದ್ಧಾಂತದ ಜನಕನಿಗೂ ಫ್ರಿಜ್ಜಿನ ಚಿಂತೆ ಬಿಟ್ಟಿರಲಿಲ್ಲ!

ಅದೇ ವರ್ಷ ಥಾಮಸ್ ಮಿಜ್ಲಿ ಎಂಬ ಅಮೆರಿಕದ ರಸಾಯನ ತಜ್ಞ, ವಿಷವೂ ಅಲ್ಲದ ಉರಿಯುವುದೂ ಇಲ್ಲದ ಹೊಸ ಅನಿಲವನ್ನು ವಿಜ್ಞಾನಿಗಳ ಸಭೆಯಲ್ಲಿ ತಾನೇ ಉಸಿರಿಗೆ ಎಳೆದುಕೊಂಡು, ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ಅದೇ ಮುಂದೆ ಫ್ರಿಯಾನ್ ಎಂದು ಹೆಸರಾದ ಸಿಎಫ್‌ಸಿ. ಅದು ಮನೆಯೊಳಗೆ ಸಾಧುವಾದರೂ ಆಕಾಶದಲ್ಲಿ ಓಜೋನ್ ಪದರವನ್ನು ತಿನ್ನಬಲ್ಲದು ಎಂದು 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಸಿಎಫ್‌ಸಿ ಬಿಟ್ಟುಹೋದ ಜಾಗಕ್ಕೆ ಬಂದವುಗಳಲ್ಲಿ ಐಸೊಬ್ಯುಟೇನ್ ಮುಖ್ಯವಾದದ್ದು. ಇಂದಿನ ಪುಟ್ಟ ಫ್ರಿಜ್‌ಗಳ ಚೀಟಿಯಲ್ಲಿ 'ಆರ್-600ಎ' ಎಂದು ಕಂಡರೆ ಅದು ಇದೇ.

ಐಸೊಬ್ಯುಟೇನ್ ಓಜೋನಿಗೆ ಕೇಡು ಮಾಡುವುದಿಲ್ಲ, ಭೂಮಿಯನ್ನು ಬಿಸಿ ಮಾಡುವ ಗುಣವೂ ಅತ್ಯಲ್ಪ. ಆದರೆ ಅದು ಅಡುಗೆ ಅನಿಲದ ದಾಯಾದಿ, ಉರಿಯುತ್ತದೆ. ಸಿಲಿಂಡರಿನ ಅನಿಲಕ್ಕೆ ಸೋರಿದರೆ ಗೊತ್ತಾಗಲೆಂದು ದುರ್ವಾಸನೆ ಬೆರೆಸಿರುತ್ತಾರೆ. ಇದಕ್ಕೆ ಹಾಗೆ ಬೆರೆಸಿರುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ಕೂರುತ್ತದೆ.

ಹಾಗೆಂದು ಹೆದರಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು. ವಿಜ್ಞಾನ ಓದುವ ಮಕ್ಕಳು ಮನೆಯಲ್ಲೇ ಮಾಡಬಹುದಾದ ಲೆಕ್ಕವಿದು. ಪುಟ್ಟ ಫ್ರಿಜ್ಜಿನಲ್ಲಿ 25 ಗ್ರಾಂ ಐಸೊಬ್ಯುಟೇನ್ ಇದೆ ಎಂದುಕೊಳ್ಳೋಣ. ಎಷ್ಟಿದೆಯೆಂದು ಚೀಟಿಯಲ್ಲೇ ಬರೆದಿರುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇ 1.8 ಮುಟ್ಟಿದರೆ, ಅಂದರೆ ಘನ ಮೀಟರಿಗೆ ಸುಮಾರು 43 ಗ್ರಾಂ ಆದರೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾತ್ರ ಸುಮಾರು 28 ಘನ ಮೀಟರ್. ಪೂರ್ತಿ 25 ಗ್ರಾಂ ಸೋರಿ ಹರಡಿದರೂ ಘನ ಮೀಟರಿಗೆ ಒಂದು ಗ್ರಾಂ ಕೂಡ ಆಗುವುದಿಲ್ಲ. ಅದೇ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಬಾಗಿಲು ಹಾಕಿದ ಕಪಾಟಾದರೆ? ಅದರ ಗಾತ್ರ 0.45 ಘನ ಮೀಟರ್. ಅನಿಲ ಘನ ಮೀಟರಿಗೆ 55 ಗ್ರಾಂ ದಾಟುತ್ತದೆ! ಫ್ರಿಜ್ ಒಂದೇ, ಅನಿಲವೂ ಅಷ್ಟೇ. ಅಪಾಯ ಹುಟ್ಟಿದ್ದು ಜಾಗದಿಂದ. ಶೈತ್ಯಕದ ಪ್ರತಿ 8 ಗ್ರಾಂಗೆ ಕೋಣೆಯಲ್ಲಿ ಕನಿಷ್ಠ ಒಂದು ಘನ ಮೀಟರ್ ಗಾಳಿ ಇರಬೇಕೆಂದು ಎಷ್ಟೋ ಕೈಪಿಡಿಗಳು ಹೇಳುವುದು ಇದಕ್ಕೇ.

ಸೋರಿಕೆಗೆ ದೊಡ್ಡ ಕಾರಣ ಮನೆಯವರ ಕೈಯಲ್ಲಿರುವ ಚಾಕು. ಐಸು ಕಟ್ಟಿದಾಗ ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತುವ ಅಭ್ಯಾಸ ಬಹಳ ಕಡೆ ಇದೆ. ಆ ಐಸಿನ ಹಿಂದೆಯೇ ತೆಳು ಅಲ್ಯೂಮಿನಿಯಂ ಗೋಡೆಯೊಳಗೆ ಅನಿಲದ ಕೊಳವೆ ಹರಿದಿರುತ್ತದೆ. ಐಸು ಕರಗಿಸಲು ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು, ಕೆಳಗೊಂದು ಬಟ್ಟೆ ಹಾಸಿ ಕಾಯುವುದಷ್ಟೇ ಸರಿಯಾದ ದಾರಿ. ಅಕಸ್ಮಾತ್ ಕೊಳವೆ ತೂತಾಗಿ 'ಬುಸ್' ಎಂಬ ಸದ್ದು ಬಂದರೆ ಸಿಲಿಂಡರ್ ಸೋರಿದಾಗ ಮಾಡುವುದನ್ನೇ ಮಾಡಬೇಕು. ಬೆಂಕಿ ಕಡ್ಡಿ ಗೀರಬಾರದು, ಆ ಕೋಣೆಯ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಕಿಟಕಿ ಬಾಗಿಲು ತೆರೆದು, ಮನೆಯವರನ್ನು ಹೊರಗೆ ಕರೆದೊಯ್ದು, ಗಾಳಿ ಚೆನ್ನಾಗಿ ಆಡಿದ ಮೇಲೆ ಮೆಕ್ಯಾನಿಕ್ಕನನ್ನು ಕರೆಸಬೇಕು. ಮೇನ್ ಸ್ವಿಚ್ ಹೊರಗಿದ್ದರೆ ಅಲ್ಲಿಂದ ಆರಿಸಬಹುದು.

ಮೂರನೆಯ ಪಿನ್ನಿನ ಮಹತ್ವ

ಮಳೆಗಾಲದಲ್ಲಿ ಮಲೆನಾಡಿನ, ಕರಾವಳಿಯ ಮನೆಗಳ ನೆಲ ಸದಾ ತೇವ. ಒದ್ದೆ ಕಾಲಿನಲ್ಲಿ ಬಂದು ಫ್ರಿಜ್ಜಿನ ಹಿಡಿಗೆ ಕೈಹಾಕಿದಾಗ 'ಜುಮ್' ಎಂದರೆ ನಕ್ಕು ಬಿಡುವವರೇ ಹೆಚ್ಚು. ನಗುವ ವಿಷಯವಲ್ಲ. ಒಳಗೆ ಎಲ್ಲೋ ಫೇಸ್ ತಂತಿಯ ಹೊದಿಕೆ ಸವೆದು ವಿದ್ಯುತ್ತು ತಗಡಿಗೆ ಬರುತ್ತಿದೆ ಎಂಬುದರ ಮುನ್ಸೂಚನೆಯದು. ಅದರ ಜೊತೆಗೆ, ಮನೆಯ ಅರ್ಥಿಂಗ್ ಸರಿಯಿಲ್ಲ ಎಂಬುದರದೂ ಹೌದು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಸಿಕ್ಕಿಸುವಾಗ ಅದು ಎಲ್ಲಕ್ಕಿಂತ ಮೊದಲು ತಾಗಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿರುವುದು. ಅದು ಫ್ರಿಜ್ಜಿನ ಲೋಹದ ಮೈಯನ್ನು ಭೂಮಿಗೆ ಜೋಡಿಸುತ್ತದೆ. ತಗಡಿಗೆ ವಿದ್ಯುತ್ತು ಬಂದರೆ ಈ ಸುಲಭದ ದಾರಿಯಲ್ಲಿ ಭೂಮಿಗೆ ಹರಿದು, ಮನೆಯ ಫ್ಯೂಸ್ ಅಥವಾ ಎಂಸಿಬಿ ಬೀಳುತ್ತದೆ. ಈ ದಾರಿ ಇಲ್ಲದಿದ್ದರೆ ವಿದ್ಯುತ್ತು ತಗಡಿನಲ್ಲೇ ಹೊಂಚು ಹಾಕಿ ಮುಟ್ಟುವ ಕೈಗಾಗಿ ಕಾಯುತ್ತದೆ. ಸಾಕೆಟ್ಟಿಗೆ ಹೊಂದುವುದಿಲ್ಲವೆಂದು ಮೇಲಿನ ಪಿನ್ನು ಕತ್ತರಿಸುವುದು, ಎರಡು ಪಿನ್ನಿನ ಜೋಡಕ ಹಾಕುವುದು, ಅರ್ಥ್ ತಂತಿಯನ್ನು ನೀರಿನ ನಲ್ಲಿಗೆ ಸುತ್ತುವುದು ಮೂರೂ ಜೀವದ ಜೊತೆ ಜೂಜಾಡಿದಂತೆ.

ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಮೀಟರ್ ಇಟ್ಟು ನೋಡಿಸಬೇಕು. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್ ಇದ್ದರೆ, ಫೇಸಿಗೂ ಅರ್ಥಿಗೂ ನಡುವೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲಿಗೂ ಅರ್ಥಿಗೂ ನಡುವೆ ಕೆಲವೇ ವೋಲ್ಟ್. ಇದು ಮೊದಲ ಪರೀಕ್ಷೆ ಮಾತ್ರ. ಸಂದೇಹವಿದ್ದರೆ ಅರ್ಥ್ ಟೆಸ್ಟರಿನಿಂದ ಪೂರ್ತಿ ಪರೀಕ್ಷೆ ಮಾಡಿಸಬೇಕು. ಸ್ವಂತ ಮನೆಯವರು ಹಿತ್ತಲಿನ ಅರ್ಥಿಂಗ್ ಗುಂಡಿಯನ್ನು ಮರೆಯಬಾರದು. ಇದ್ದಿಲು, ಉಪ್ಪು ತುಂಬಿದ ಆ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ವಿದ್ಯುತ್ತಿಗೆ ಭೂಮಿಯ ದಾರಿ ಕಷ್ಟವಾಗುತ್ತದೆ. ಆಗಾಗ ಒಂದು ಬಿಂದಿಗೆ ನೀರು ಹಾಕಿದರೆ ಸಾಕು.

ಇನ್ನೊಂದು ಕಾವಲುಗಾರ ಆರ್‌ಸಿಸಿಬಿ. ಹೋದ ವಿದ್ಯುತ್ತು ಅಷ್ಟೇ ವಾಪಸಾಯಿತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಮನೆಗೆ ಬೇಕಾದದ್ದು 30 ಮಿಲಿ ಆಂಪಿಯರಿನದು. ಅಷ್ಟು ವ್ಯತ್ಯಾಸ ಕಂಡರೂ ಕಣ್ಣು ಮಿಟುಕಿಸುವಷ್ಟರಲ್ಲಿ ವಿದ್ಯುತ್ತು ಕಡಿದುಬಿಡುತ್ತದೆ. ಫ್ರಿಜ್ ಹಾಕಿದಾಗಲೆಲ್ಲ ಅದು ಬೀಳುತ್ತಿದ್ದರೆ ಅದನ್ನು ತಪ್ಪಿಸಿ ನೇರ ತಂತಿ ಎಳೆಸಬಾರದು; ಫ್ರಿಜ್ಜನ್ನು ಪರೀಕ್ಷೆ ಮಾಡಿಸಬೇಕು. ನಾಯಿ ಬೊಗಳಿದರೆ ಕಳ್ಳನನ್ನು ಹುಡುಕಬೇಕೇ ಹೊರತು ನಾಯಿಯ ಬಾಯಿ ಕಟ್ಟಬಾರದು.

ಪುಟ್ಟ ಫ್ರಿಜ್ ಓಡುವಾಗ ಎಳೆಯುವ ವಿದ್ಯುತ್ತು ಕಡಿಮೆ, ಸಾಮಾನ್ಯವಾಗಿ 100 ವ್ಯಾಟಿನ ಒಳಗೆ. ಆದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಸಡಿಲವಾದ ಮಲ್ಟಿಪ್ಲಗ್ಗಿನಲ್ಲಿ ಪ್ರತಿ ಸಲವೂ ಸಣ್ಣ ಕಿಡಿ ಹಾರಿ, ಪ್ಲಾಸ್ಟಿಕ್ ಕ್ರಮೇಣ ಕಪ್ಪಾಗುತ್ತದೆ. ವಿದ್ಯಾರ್ಥಿಗಳ ಕೋಣೆಯಲ್ಲಿ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಫ್ರಿಜ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಸಿಕ್ಕಿಸಿರುವುದು ಮಾಮೂಲು ದೃಶ್ಯ. 1500 ವ್ಯಾಟಿನ ಕಾಯಿಲೊಂದೇ ಆರೂವರೆ ಆಂಪಿಯರ್ ಎಳೆಯುತ್ತದೆ. ಬೋರ್ಡಿನ ತಾಕತ್ತು 6 ಆಂಪಿಯರ್! ಫ್ರಿಜ್‌ಗೆ ಗೋಡೆಯಲ್ಲಿ ತನ್ನದೇ ಆದ ಬಿಗಿಯಾದ ಸಾಕೆಟ್ ಇರಬೇಕು. ಅದು ಫ್ರಿಜ್ಜಿನ ಹಿಂದೆ ಅಡಗಿರದೆ, ಅವಸರದಲ್ಲಿ ಕೈಗೆ ಸಿಗುವಂತಿರಬೇಕು.

ಇದೆಲ್ಲ ಅತಿ ಎಚ್ಚರಿಕೆ ಎನಿಸಿದವರು ಲಂಡನ್ನಿನ ಗ್ರೆನ್‌ಫೆಲ್ ಟವರ್ ದುರಂತವನ್ನು ನೆನೆಯಬೇಕು. 2017ರ ಜೂನ್ 14ರ ನಸುಕಿನಲ್ಲಿ 24 ಅಂತಸ್ತಿನ ಆ ವಸತಿ ಕಟ್ಟಡ ಹೊತ್ತಿ ಉರಿದು 72 ಮಂದಿ ಪ್ರಾಣ ಬಿಟ್ಟರು. ಬೆಂಕಿ ಹುಟ್ಟಿದ್ದು ನಾಲ್ಕನೆಯ ಅಂತಸ್ತಿನ ಅಡುಗೆಮನೆಯೊಂದರ ದೊಡ್ಡ ಫ್ರಿಜ್-ಫ್ರೀಜರಿನಲ್ಲಿ, ವಿದ್ಯುತ್ ದೋಷದಿಂದ ಎಂದು ವಿಚಾರಣೆಯ 2019ರ ವರದಿ ಹೇಳಿತು. ಆ ಮನೆಯವರ ತಪ್ಪೇನೂ ಇರಲಿಲ್ಲ. ಬೆಂಕಿ ಕಟ್ಟಡವನ್ನೇ ನುಂಗಿದ್ದು ಹೊರಗೋಡೆಗೆ ಹೊದಿಸಿದ್ದ ಉರಿಯುವ ಹೊದಿಕೆಯಿಂದ. ಆದರೂ ಅಡುಗೆಮನೆಯ ಒಂದು ಕಿಡಿ ಏನಾಗಬಲ್ಲದು ಎಂಬುದಕ್ಕೆ ಅದೊಂದು ಕಹಿ ಪಾಠ. ಸುಟ್ಟ ವಾಸನೆ ಬಂದರೆ ಸ್ವಿಚ್ ಆರಿಸಬೇಕು. ಹೊತ್ತಿಕೊಂಡ ಫ್ರಿಜ್ಜಿನ ಮೇಲೆ ನೀರು ಎರಚಬಾರದು. ಬಾಗಿಲೆಳೆದುಕೊಂಡು ಹೊರಗೆ ಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು.

ಬಂದ ದಿನ ಅವಸರ ಬೇಡ

ಬಸ್ಸಿನ ಮೇಲೋ ಟೆಂಪೊದಲ್ಲೋ ಫ್ರಿಜ್ಜನ್ನು ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ಆಗಲೇ ಸ್ವಿಚ್ ಹಾಕಿದರೆ ಎಣ್ಣೆಯಿಲ್ಲದೆ ಓಡಿದ ಎಂಜಿನ್ನಿನ ಪಾಡು. ನೆಟ್ಟಗೆ ತಂದಿದ್ದರೂ ಕೈಪಿಡಿ ಹೇಳಿದಷ್ಟು ಗಂಟೆ ನಿಲ್ಲಿಸಬೇಕು. ಮಲಗಿಸಿ ತಂದಿದ್ದರೆ ಒಂದು ಇಡೀ ದಿನ ಬಿಡುವುದು ಕ್ಷೇಮ.

ಕರೆಂಟು ಹೋಗಿ ಬಂದಾಗಲೂ ತಾಳ್ಮೆ ಬೇಕು. ಓಡುತ್ತಿದ್ದ ಕಂಪ್ರೆಸರ್ ನಿಂತ ಕ್ಷಣದಲ್ಲಿ ಅದರ ಒಂದು ಕಡೆ ಒತ್ತಡ ಹೆಚ್ಚಿರುತ್ತದೆ. ಆ ಒತ್ತಡದ ಎದುರು ಮೋಟಾರು ತಿರುಗಲಾರದೆ ಮುಗ್ಗರಿಸಿ ಬಿಸಿಯಾಗುತ್ತದೆ. ಮೂರರಿಂದ ಐದು ನಿಮಿಷ ಬಿಟ್ಟರೆ ಒತ್ತಡ ಸಮನಾಗುತ್ತದೆ. ವೋಲ್ಟೇಜು ಏರಿಳಿಯುವ ಊರುಗಳಲ್ಲಿ, ತಾನಾಗಿಯೇ ಇಷ್ಟು ಹೊತ್ತು ಕಾಯುವ ಸ್ಟೆಬಿಲೈಜರ್ ಒಳ್ಳೆಯದು. ಅದು ಬೇಡವೆನ್ನುವ ಫ್ರಿಜ್‌ಗಳು ಯಾವ ವೋಲ್ಟೇಜಿನಿಂದ ಯಾವ ವೋಲ್ಟೇಜಿನವರೆಗೆ ತಡೆಯುತ್ತವೆ ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು. ಸ್ಟೆಬಿಲೈಜರನ್ನು ಗೋಡೆಗೆ ತೂಗುಹಾಕಬೇಕು, ಫ್ರಿಜ್ಜಿನ ತಲೆಯ ಮೇಲಲ್ಲ.

ಒಳಗೇನು ಇಡಬಹುದು?

ಪಾನೀಯದ ಫ್ರಿಜ್ ಬಾಟಲಿ, ಡಬ್ಬಿಗಳಿಗಾಗಿ ಹುಟ್ಟಿದ್ದು. ಎಷ್ಟೋ ಮಾದರಿಗಳು 5 ಡಿಗ್ರಿಗಿಂತ ಕೆಳಗೆ ಸದಾ ನಿಲ್ಲುವುದಿಲ್ಲ. ಹಾಲು, ಸಾರು, ಮೀನು, ಮಾಂಸ ಕೆಡದಿರಲು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬೇಕು. ಊರಿನಿಂದ ಅಮ್ಮ ಕಳಿಸಿದ ಪಲ್ಯವನ್ನು ಮಗ ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿಟ್ಟು ಮೂರು ದಿನ ತಿಂದರೆ ಹೊಟ್ಟೆ ಕೆಡುವುದು ಖಂಡಿತ ಎನ್ನಲಾಗದು, ಕೆಡುವುದಿಲ್ಲ ಎಂದು ಧೈರ್ಯ ಹೇಳಲೂ ಆಗದು. ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿದರೆ ಸಂಶಯ ನಿವಾರಣೆ.

ಕಂಪ್ರೆಸರೇ ಇಲ್ಲದ, ಹಗುರವಾದ ಇನ್ನೊಂದು ಬಗೆಯೂ ಉಂಟು. 1834ರಲ್ಲಿ ಫ್ರಾನ್ಸಿನ ಜೀನ್ ಪೆಲ್ಟಿಯೆ ಕಂಡುಹಿಡಿದ ತತ್ವದ ಮೇಲೆ ನಡೆಯುವ ಪೆಟ್ಟಿಗೆಗಳಿವು. ಹೊರಗಿನ ಉಷ್ಣತೆಗಿಂತ ಸುಮಾರು 15ರಿಂದ 20 ಡಿಗ್ರಿ ಕೆಳಗೆ ಇಳಿಸುವುದಷ್ಟೇ ಇವುಗಳ ಶಕ್ತಿ. ಕಲಬುರಗಿಯ 40 ಡಿಗ್ರಿ ಬೇಸಿಗೆಯಲ್ಲಿ ಒಳಗಿನ ನೀರು 20 ಡಿಗ್ರಿಯಾದರೆ ಅದೇ ಹೆಚ್ಚು. ಕುಡಿಯಲು ಹಿತ, ಹಾಲಿಗೆ ಸಲ್ಲದು.

ತುಂಬಿದ ಗಾಜಿನ ಬಾಟಲಿ, ಸೋಡಾ, ತಂಪು ಪಾನೀಯದ ಡಬ್ಬಿಗಳನ್ನು ಐಸು ಕಟ್ಟುವ ಭಾಗದಲ್ಲಿ ಇಡಬಾರದು. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಗಾಜು ಹಿಗ್ಗುವುದಿಲ್ಲ, ಒಡೆಯುತ್ತದೆ. ಪೆಟ್ರೋಲು, ಸ್ಪಿರಿಟ್ಟು, ಥಿನ್ನರಿನಂಥ ಹೊತ್ತಿಕೊಳ್ಳುವ ದ್ರವಗಳಿಗೆ ಫ್ರಿಜ್ಜಿನೊಳಗೆ ಪ್ರವೇಶವೇ ಇಲ್ಲ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಾಗಿಲ ಹಿಂದಿನ ಕಾಯಿದೆ

ಹಿಂದಿನ ಫ್ರಿಜ್‌ಗಳ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯುವ ಕೊಂಡಿ ಇರುತ್ತಿತ್ತು. ಕಣ್ಣಾಮುಚ್ಚಾಲೆ ಆಡುತ್ತ ಒಳಹೊಕ್ಕ ಮಕ್ಕಳು ಹೊರಬರಲಾರದೆ ಉಸಿರುಕಟ್ಟಿ ಸತ್ತ ಪ್ರಕರಣಗಳು ಅಮೆರಿಕದಲ್ಲಿ ಮರುಕಳಿಸಿದಾಗ, ಒಳಗಿನಿಂದಲೂ ತೆರೆಯುವಂಥ ಬಾಗಿಲೇ ಇರಬೇಕೆಂದು 1956ರಲ್ಲಿ ಅಲ್ಲಿ ಕಾಯಿದೆ ಬಂತು. ಇಂದಿನ ಬಾಗಿಲಿನಂಚಿನ ಆಯಸ್ಕಾಂತದ ರಬ್ಬರು ಆ ಬೇಡಿಕೆಗೆ ಸರಿಹೊಂದಿ ಮನೆಮನೆಗೆ ಬಂತು. ಆದರೂ ಬೀಗ ಇರುವ ಪುಟ್ಟ ಫ್ರಿಜ್‌ಗಳಿವೆ. ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕೆಟ್ಟ ಫ್ರಿಜ್ಜನ್ನು ಹಿತ್ತಲಿಗೆ ಎಸೆಯುವ ಮೊದಲು ಬಾಗಿಲು ಕಳಚಬೇಕು. ಗುಜರಿಯವರು ಕೊಳವೆ ಕತ್ತರಿಸಿ ಅನಿಲ ಬಿಡುವುದು ಅಪಾಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್ಜೂ ಸೇರಿದೆ. ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು ಸರಿಯಾದ ಕ್ರಮ.

ಸ್ವಿಚ್ ಹಾಕುವ ಮುನ್ನ

ಮಕ್ಕಳನ್ನು ಕೋಣೆಗೆ ಬಿಡಲು ಹೋದ ತಂದೆತಾಯಂದಿರು ಹಾಸಿಗೆ, ನೀರು, ಊಟದ ವ್ಯವಸ್ಥೆ ವಿಚಾರಿಸುತ್ತಾರೆ. ಅದರ ಜೊತೆಗೆ ಮನೆ ಮಾಲೀಕರನ್ನು ಇನ್ನೂ ಎರಡು ಮಾತು ಕೇಳಬೇಕು: 'ಅರ್ಥಿಂಗ್ ಇದೆಯೇ? ಆರ್‌ಸಿಸಿಬಿ ಹಾಕಿಸಿದ್ದೀರಾ?' ಕೇಳಲು ಸಂಕೋಚ ಬೇಡ. ಇಲ್ಲವೆಂದರೆ ಫ್ರಿಜ್ ಒಂದು ವಾರ ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ. ಮೊದಲು ಎಲೆಕ್ಟ್ರಿಷಿಯನ್ ಬರಲಿ.

ಉಳಿದದ್ದನ್ನು ಮಗನೋ ಮಗಳೋ ತಾನೇ ಮಾಡಬಹುದು. ಹಿಂಬದಿಯ ಚೀಟಿ ಓದಿ ಅನಿಲ ಯಾವುದು, ಎಷ್ಟು ಗ್ರಾಂ, ಹವಾಮಾನ ವರ್ಗ ಯಾವುದು ಎಂದು ಬರೆದಿಟ್ಟುಕೊಳ್ಳುವುದು. ಕೋಣೆಯ ಗಾತ್ರ ಗುಣಿಸಿ ನೋಡುವುದು. ಅಂಗೈ ಹಿಡಿದು ಅಂತರ ಅಳೆಯುವುದು. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ಬಿಸಿಯಾಗಿದೆಯೇ ನೋಡುವುದು. ಬಿಸಿಯಿದ್ದರೆ ಸಾಕೆಟ್ ಸಡಿಲ ಎಂದರ್ಥ. ಆರು ತಿಂಗಳಿಗೊಮ್ಮೆ ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತು, ಬೆನ್ನಿನ ಧೂಳನ್ನು ಒಣ ಬ್ರಷ್ಷಿನಿಂದ ಒರೆಸುವುದು. ಇವು ಯಾವುದಕ್ಕೂ ಹಣ ಬೇಕಿಲ್ಲ.

ಗುಪ್ತೋಷ್ಣ, ಸಾಂದ್ರತೆ, ಓಮನ ನಿಯಮ ಇವೆಲ್ಲ ಪರೀಕ್ಷೆಯ ಮರುದಿನ ಮರೆತುಹೋಗುವ ಪಾಠಗಳೆಂದು ಮಕ್ಕಳು ಗೊಣಗುವುದುಂಟು. ಕೋಣೆಯ ಮೂಲೆಯಲ್ಲಿ ಗುಂಯ್‌ಗುಡುವ ಪುಟ್ಟ ಪೆಟ್ಟಿಗೆಯೊಳಗೆ ಆ ಪಾಠಗಳೆಲ್ಲ ಹಗಲಿರುಳೂ ಕೆಲಸ ಮಾಡುತ್ತಿವೆ. ಅವುಗಳನ್ನು ನೆನಪಿಟ್ಟುಕೊಂಡು ಫ್ರಿಜ್ ಕೂರಿಸಿದ ಮನೆಯಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಎಲ್ಲರೂ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.